ಮೋಡದಾಚೆಯ ಜಲಜನಕ

ಮುಂಬಯಿಯಲ್ಲಿ ಆಕಾಶ ನೋಡುವ ಹುಚ್ಚು ಹತ್ತಿಸಿಕೊಂಡವರಿಗೆ ವರ್ಷಕ್ಕೆ ನಾಲ್ಕು ತಿಂಗಳು ಕಡ್ಡಾಯ ರಜೆ. ಜೂನ್ ತಿಂಗಳ ಮೊದಲ ಮಳೆ ಬಿತ್ತೆಂದರೆ ಸೆಪ್ಟೆಂಬರ್ ಕಳೆಯುವ ತನಕ ದುರ್ಬೀನು ಪೆಟ್ಟಿಗೆ ಬಿಟ್ಟು ಹೊರಗೆ ಬರುವುದಿಲ್ಲ. ಉಳಿದ ಎಂಟು ತಿಂಗಳಾದರೂ ಸುಖವೇ ಎಂದರೆ, ದಾದರ್‌ನಿಂದ ಠಾಣೆಯವರೆಗಿನ ದೀಪಗಳು ರಾತ್ರಿಯ ಬಾನನ್ನು ಕಂದು ಮಾಡಿಬಿಟ್ಟಿವೆ. ಆಕಾಶಗಂಗೆಯ ಬಿಳಿಪಟ್ಟಿಯನ್ನು ಕಣ್ಣಾರೆ ಕಾಣದೆ ಬೆಳೆದ ಮಕ್ಕಳು ಈ ಊರಿನಲ್ಲಿ ಲಕ್ಷಗಟ್ಟಲೆ ಇದ್ದಾರೆ.

ಅದೇ ಆಕಾಶಗಂಗೆ ಬೆಳಕಿನ ಜೊತೆಗೆ ಇನ್ನೊಂದನ್ನೂ ಹಗಲಿರುಳು ಸುರಿಸುತ್ತಿದೆ: 21 ಸೆಂಟಿಮೀಟರ್ ಉದ್ದದ ರೇಡಿಯೊ ಅಲೆ. ಮಳೆಮೋಡ ಅದಕ್ಕೆ ಅಡ್ಡಿಯಲ್ಲ, ಬೀದಿದೀಪ ಅದನ್ನು ಮಸುಕುಗೊಳಿಸುವುದಿಲ್ಲ, ನಡುಹಗಲಿನಲ್ಲೂ ಅದು ಸಿಗುತ್ತದೆ. ಗೆಲಾಕ್ಸಿಗಳಲ್ಲಿ ಎಷ್ಟು ಅನಿಲವಿದೆ, ಅದು ಎಷ್ಟು ವೇಗದಲ್ಲಿ ಸುತ್ತುತ್ತಿದೆ, ಆ ಗೆಲಾಕ್ಸಿಯ ಒಟ್ಟು ತೂಕ ಎಷ್ಟು ಎಂಬುದನ್ನೆಲ್ಲ ಖಗೋಳಜ್ಞರು ಲೆಕ್ಕ ಹಾಕುವುದು ಈ ಅಲೆಯಿಂದಲೇ. ಭಾರತದಲ್ಲಿ ಈ ವಿದ್ಯೆಯ ಬೇರು ಇರುವುದು ಮುಂಬಯಿಯಲ್ಲಿ, ಇನ್ನೂ ಖಚಿತವಾಗಿ ಹೇಳಬೇಕೆಂದರೆ ಕಲ್ಯಾಣದಲ್ಲಿ. ಮನಸ್ಸು ಮಾಡಿದರೆ ನಮ್ಮ ಸೊಸೈಟಿಯ ಟೆರೇಸಿನಲ್ಲೇ ಇದನ್ನು ಹಿಡಿಯಬಹುದು. ಹೇಗೆಂದು ಮುಂದೆ ವಿವರಿಸುತ್ತೇನೆ. ಮೊದಲು ಅಲೆ ಹುಟ್ಟುವ ಬಗೆ.

ಜಲಜನಕದ ಪರಮಾಣುವಿನಲ್ಲಿ ಒಂದು ಪ್ರೋಟಾನು, ಒಂದು ಎಲೆಕ್ಟ್ರಾನು, ಅಷ್ಟೇ. ಎರಡಕ್ಕೂ ‘ಸ್ಪಿನ್’ ಎಂಬ ಗುಣವಿದೆ, ಅದರಿಂದಾಗಿ ಎರಡಕ್ಕೂ ಅಯಸ್ಕಾಂತದ ಗುಣವೂ ಇದೆ. ಎರಡರ ಸ್ಪಿನ್ ಒಂದೇ ದಿಕ್ಕಿಗಿದ್ದರೆ ಪರಮಾಣುವಿನ ಶಕ್ತಿ ಕೂದಲೆಳೆಯಷ್ಟು ಹೆಚ್ಚು. ವಿರುದ್ಧ ದಿಕ್ಕಿಗಿದ್ದರೆ ಅಷ್ಟೇ ಕಡಿಮೆ. ಹೆಚ್ಚಿನ ಸ್ಥಿತಿಯಲ್ಲಿರುವ ಎಲೆಕ್ಟ್ರಾನು ಯಾವಾಗಲೋ ಒಮ್ಮೆ ಮಗುಚಿಕೊಂಡು ಕಡಿಮೆಯ ಸ್ಥಿತಿಗೆ ಇಳಿಯುತ್ತದೆ. ಉಳಿದ ಶಕ್ತಿ ರೇಡಿಯೊ ಅಲೆಯಾಗಿ ಹೊರಬೀಳುತ್ತದೆ. ಅದರ ಆವೃತ್ತಿ 1420.406 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ 142 ಕೋಟಿ ಕಂಪನ. ಅಲೆಯ ಉದ್ದ 21.1 ಸೆಂಟಿಮೀಟರ್.

‘ಯಾವಾಗಲೋ ಒಮ್ಮೆ’ ಎಂದದ್ದು ಸುಮ್ಮನೆ ಅಲ್ಲ. ಒಂದು ಪರಮಾಣು ತಾನಾಗಿ ಹೀಗೆ ಮಗುಚಿಕೊಳ್ಳಲು ಸರಾಸರಿ 1 ಕೋಟಿ 10 ಲಕ್ಷ ವರ್ಷ ಕಾಯಬೇಕು. ಪ್ರಯೋಗಶಾಲೆಯಲ್ಲಿ ಕುಳಿತು ಗಾಜಿನ ನಳಿಗೆಯಲ್ಲಿ ಇದನ್ನು ನೋಡುತ್ತೇನೆಂದರೆ ಆಗದ ಮಾತು. ನಕ್ಷತ್ರಗಳ ನಡುವಿನ ಜಾಗದಲ್ಲಾದರೂ ಒಂದು ಘನ ಸೆಂಟಿಮೀಟರಿಗೆ ಸುಮಾರು ಒಂದು ಪರಮಾಣು ಸಿಕ್ಕರೆ ಹೆಚ್ಚು; ನಾವು ಉಸಿರಾಡುವ ಗಾಳಿಯ ಅಷ್ಟೇ ಜಾಗದಲ್ಲಿ 25ರ ಮುಂದೆ 18 ಸೊನ್ನೆ ಹಾಕಿದಷ್ಟು ಅಣುಗಳಿರುತ್ತವೆ. ಇಷ್ಟು ತೆಳುವಾದ ಅನಿಲ, ಇಷ್ಟು ಸೋಮಾರಿ ಪರಮಾಣು. ಆದರೂ ಅಲೆ ಸಿಗುತ್ತದೆ, ಯಾಕೆಂದರೆ ಆ ಅನಿಲ ಸಾವಿರಾರು ಜ್ಯೋತಿರ್ವರ್ಷ ಹಬ್ಬಿಕೊಂಡಿದೆ. ಪರಮಾಣುಗಳು ಆಗೀಗ ಒಂದಕ್ಕೊಂದು ಢಿಕ್ಕಿ ಹೊಡೆದು ಮತ್ತೆ ಮೇಲಿನ ಸ್ಥಿತಿಗೆ ಏರುತ್ತಲೇ ಇರುತ್ತವೆ. ಯಾವ ಗಳಿಗೆಯಲ್ಲಿ ನೋಡಿದರೂ ನಾಲ್ಕರಲ್ಲಿ ಮೂರು ಪಾಲು ಮೇಲಿನ ಸ್ಥಿತಿಯಲ್ಲೇ ಇರುತ್ತವೆ.

ಎಲೆಕ್ಟ್ರಾನು ಕಳೆದುಕೊಳ್ಳದೆ ಇಡಿಯಾಗಿ ಉಳಿದ ಇಂಥ ಜಲಜನಕಕ್ಕೆ ತಟಸ್ಥ ಜಲಜನಕ ಎಂದು ಹೆಸರು. ಬಿಸಿ ನಕ್ಷತ್ರದ ಹತ್ತಿರ ಹೋದರೆ ಎಲೆಕ್ಟ್ರಾನು ಕಿತ್ತುಹೋಗುತ್ತದೆ. ದಟ್ಟವಾದ ತಣ್ಣನೆಯ ಮೋಡದೊಳಗೆ ಎರಡೆರಡು ಪರಮಾಣು ಜೋಡಿಯಾಗಿ ಅಣುವಾಗುತ್ತವೆ, ಆಗ ಈ ಅಲೆ ಬರುವುದಿಲ್ಲ. ನಕ್ಷತ್ರ ಹುಟ್ಟುವುದು ಆ ಅಣುಮೋಡದಿಂದ. ಆದರೆ ಅಣುಮೋಡಕ್ಕೆ ಸರಕು ಬರುವುದು ತಟಸ್ಥ ಜಲಜನಕದ ದಾಸ್ತಾನಿನಿಂದ. ದಾಸ್ತಾನು ಮುಗಿದರೆ ಗೆಲಾಕ್ಸಿಯಲ್ಲಿ ಹೊಸ ನಕ್ಷತ್ರ ಇಲ್ಲ. ಈ ಅಲೆಗೆ ಇಷ್ಟು ಮಹತ್ವ ಯಾಕೆಂಬುದಕ್ಕೆ ಇದು ಮುಖ್ಯ ಕಾರಣ.

ಹೀಗೊಂದು ಅಲೆ ಇರಲೇಬೇಕೆಂದು 1944ರಲ್ಲಿ, ಜರ್ಮನರ ಹಿಡಿತದಲ್ಲಿದ್ದ ಹಾಲೆಂಡಿನಲ್ಲಿ, ಹೆಂಡ್ರಿಕ್ ವಾನ್ ಡ ಹುಲ್ಸ್ಟ್ ಎಂಬ ತರುಣ ಲೆಕ್ಕ ಹಾಕಿ ಹೇಳಿದ. 1951ರ ಮಾರ್ಚ್ 25ರಂದು ಹಾರ್ವರ್ಡಿನಲ್ಲಿ ಯೂಯೆನ್ ಮತ್ತು ಪರ್ಸೆಲ್ ಪ್ರಯೋಗಾಲಯದ ಕಿಟಕಿಯಾಚೆ ಕೂರಿಸಿದ್ದ ಕೊಂಬಿನ ಆಕಾರದ ಆಂಟೆನಾದಿಂದ ಅದನ್ನು ಹಿಡಿದರು. ಕೆಲವೇ ವಾರಗಳಲ್ಲಿ ಹಾಲೆಂಡಿನವರೂ ಹಿಡಿದರು. ಆಸ್ಟ್ರೇಲಿಯಾದಲ್ಲಿ ಅದನ್ನು ಖಚಿತಪಡಿಸಿದವರು ಕ್ರಿಸ್ಟಿಯನ್ಸನ್ ಮತ್ತು ಹಿಂಡ್‌ಮನ್. ಜಾಗ, ಸಿಡ್ನಿಯ ಪಾಟ್ಸ್ ಹಿಲ್ ಎಂಬ ಜಲಾಶಯದ ದಂಡೆ.

ಪಾಟ್ಸ್ ಹಿಲ್ ಹೆಸರು ನೆನಪಿಡಿ, ಕಲ್ಯಾಣದ ಕಥೆ ಶುರುವಾಗುವುದು ಅಲ್ಲಿಂದ. ಅದೇ ದಂಡೆಯ ಮೇಲೆ ಕ್ರಿಸ್ಟಿಯನ್ಸನ್ 6 ಅಡಿ ವ್ಯಾಸದ 32 ಲೋಹದ ಡಿಶ್‌ಗಳನ್ನು ಸಾಲಾಗಿ ನಿಲ್ಲಿಸಿ, ಇದೇ 1420 ಮೆಗಾಹರ್ಟ್ಸ್‌ನಲ್ಲಿ ಸೂರ್ಯನನ್ನು ಅಳೆಯುತ್ತಿದ್ದ. 1953ರಲ್ಲಿ ಭಾರತದಿಂದ ಅಲ್ಲಿಗೆ ಕಲಿಯಲು ಹೋದ ತರುಣ ವಿಜ್ಞಾನಿ ಗೋವಿಂದ ಸ್ವರೂಪ್. ಅವರ ವಾಸದ ಕೊನೆಗೆ ಆ ಡಿಶ್‌ಗಳ ಕೆಲಸ ಮುಗಿದು ಗುಜರಿಗೆ ಹೋಗುವ ಹಾಗಾಗಿತ್ತು. ಇವನ್ನು ಭಾರತಕ್ಕೆ ಕೊಡಿ ಎಂದು ಸ್ವರೂಪ್ ಕೇಳಿದರು, ಆಸ್ಟ್ರೇಲಿಯಾದವರು ಕೊಟ್ಟರು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯಕ್ಕೆ ಬಂದಿಳಿದ ಅವು ವರ್ಷಗಳ ಕಾಲ ಸುಮ್ಮನೆ ಬಿದ್ದುಕೊಂಡಿದ್ದವು. ಸ್ವರೂಪ್ ಅಮೆರಿಕಕ್ಕೆ ಹೋಗಿ ಸ್ಟ್ಯಾನ್‌ಫರ್ಡ್‌ನಲ್ಲಿ ಡಾಕ್ಟರೇಟ್ ಮುಗಿಸಿದರು.

1961ರಲ್ಲಿ ವಿದೇಶದಲ್ಲಿದ್ದ ನಾಲ್ವರು ರೇಡಿಯೊ ಖಗೋಳಜ್ಞರು (ಸ್ವರೂಪ್, ಟಿ.ಕೆ. ಮೆನನ್, ಮುಕುಲ್ ಕುಂಡು, ಟಿ. ಕೃಷ್ಣನ್) ನಾವೆಲ್ಲ ಹಿಂದಿರುಗಿ ಒಂದು ತಂಡ ಕಟ್ಟಲು ಸಿದ್ಧ ಎಂದು ಭಾರತದ ವಿಜ್ಞಾನ ಸಂಸ್ಥೆಗಳಿಗೆ ಪತ್ರ ಬರೆದರು. ಹೋಮಿ ಭಾಭಾ 1962ರ ಜನವರಿಯಲ್ಲಿ ತಂತಿಯಲ್ಲೇ ಒಪ್ಪಿಗೆ ಕಳಿಸಿದರು. ಭಾಭಾ ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಕೊಲಾಬಾದ ಟಿಐಎಫ್‌ಆರ್, 1945ರಲ್ಲಿ ಹುಟ್ಟಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಅದೇ ವರ್ಷದ ಕೊನೆಗೆ ಅದು ಮುಂಬಯಿಗೆ ಬಂತು. ಹೀಗೆ ಬೆಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದದ್ದು ಮಾಟುಂಗಾದ ಕನ್ನಡ ಮನೆಗಳಲ್ಲಿ ಅಪರೂಪದ ಸಂಗತಿಯೇನಲ್ಲ.

1963ರಲ್ಲಿ ಸ್ವರೂಪ್ ಟಿಐಎಫ್‌ಆರ್ ಸೇರಿದರು. ದೆಹಲಿಯಲ್ಲಿದ್ದ 32 ಡಿಶ್‌ಗಳು ಕಲ್ಯಾಣಕ್ಕೆ ಬಂದವು. 24ನ್ನು ಪೂರ್ವ-ಪಶ್ಚಿಮವಾಗಿ 630 ಮೀಟರ್ ಉದ್ದಕ್ಕೆ, 8ನ್ನು ಉತ್ತರ-ದಕ್ಷಿಣವಾಗಿ 256 ಮೀಟರ್ ಉದ್ದಕ್ಕೆ ನಿಲ್ಲಿಸಿ, 1965ರ ಏಪ್ರಿಲ್‌ನಲ್ಲಿ ದೂರದರ್ಶಕವನ್ನು ಚಾಲೂ ಮಾಡಿದರು. ಆವೃತ್ತಿ 610 ಮೆಗಾಹರ್ಟ್ಸ್, ಗುರಿ ಸೂರ್ಯ. ಸೂರ್ಯನ ಕರೋನಾ ಸುಮಾರು ಹತ್ತು ಲಕ್ಷ ಡಿಗ್ರಿ ಬಿಸಿಯಿದೆ ಎಂಬಂಥ ಫಲಿತಾಂಶ ಅಲ್ಲಿಂದ ಬಂತು. ನನ್ನ ಲೆಕ್ಕದಲ್ಲಿ ಆ ಫಲಿತಾಂಶಕ್ಕಿಂತ ದೊಡ್ಡದು ಅಲ್ಲಿ ತಯಾರಾದ ಕೈಗಳು. ಬೇರೆ ಬೇರೆ ಕಡೆ ನಿಂತ ಡಿಶ್‌ಗಳ ಸಂಕೇತಗಳನ್ನು ಒಂದುಗೂಡಿಸಿ ಒಂದೇ ದೊಡ್ಡ ದೂರದರ್ಶಕದ ಕೆಲಸ ತೆಗೆಯುವ ಕಸುಬನ್ನು ಈ ತಂಡ ಕಲಿತದ್ದು ಕಲ್ಯಾಣದಲ್ಲಿ.

ಆಮೇಲೆ ಅವರು ಊರು ಬಿಟ್ಟರು. ಬಿಡಲೇಬೇಕಿತ್ತು. ಬೆಳೆಯುವ ನಗರವೆಂದರೆ ರೇಡಿಯೊ ಗದ್ದಲ. 1970ರಲ್ಲಿ ನೀಲಗಿರಿಯ ಊಟಿಯಲ್ಲಿ 530 ಮೀಟರ್ ಉದ್ದ, 30 ಮೀಟರ್ ಅಗಲದ ದೂರದರ್ಶಕ ಬಂತು. ಅದನ್ನು ಕಟ್ಟಿದ ಗುಡ್ಡದ ಇಳಿಜಾರು ಆ ಊರಿನ ಅಕ್ಷಾಂಶದಷ್ಟೇ, ಅಂದರೆ 11 ಡಿಗ್ರಿ. ಹಾಗಾಗಿ ಅದರ ಉದ್ದನೆಯ ಅಚ್ಚು ಭೂಮಿಯ ಅಚ್ಚಿಗೆ ಸಮಾನಾಂತರವಾಗಿದ್ದು, ಆ ಒಂದೇ ಅಚ್ಚಿನ ಸುತ್ತ ತಿರುಗಿಸಿದರೂ ಗಂಟೆಗಟ್ಟಲೆ ಒಂದೇ ನಕ್ಷತ್ರವನ್ನು ಹಿಂಬಾಲಿಸಬಹುದು. ಇದನ್ನು ಯೋಚಿಸಿದ ತಲೆಗೆ ನಾನು ಈಗಲೂ ಕೈಮುಗಿಯುತ್ತೇನೆ.

ನಂತರ ಬಂದದ್ದು ದೈತ್ಯ ದೂರದರ್ಶಕ ಜಿಎಂಆರ್‌ಟಿ. ಪುಣೆಯಿಂದ ಸುಮಾರು 80 ಕಿಲೋಮೀಟರ್ ಉತ್ತರಕ್ಕೆ, ನಾರಾಯಣಗಾಂವ್ ಪಕ್ಕದ ಖೋಡದ್ ಹಳ್ಳಿಯಲ್ಲಿ ಅದರ ಕೇಂದ್ರ. 45 ಮೀಟರ್ ವ್ಯಾಸದ 30 ಡಿಶ್‌ಗಳು. 14 ನಡುವಿನ ಒಂದು ಕಿಲೋಮೀಟರ್ ಜಾಗದಲ್ಲಿ, ಉಳಿದ 16 ಮೂರು ಕವಲಾಗಿ ಸುತ್ತಲ ಹೊಲಗಳ ನಡುವೆ. ಅತಿ ದೂರದ ಎರಡು ಡಿಶ್‌ಗಳ ಅಂತರ 25 ಕಿಲೋಮೀಟರ್. ಡಿಶ್ ಎಂದಾಗ ಗಟ್ಟಿ ಲೋಹದ ಬಟ್ಟಲು ಕಲ್ಪಿಸಿಕೊಳ್ಳಬೇಡಿ. ಅರ್ಧ ಮಿಲಿಮೀಟರ್ ಚಿಲ್ಲರೆ ದಪ್ಪದ ಸ್ಟೀಲ್ ತಂತಿಯ ಬಲೆಯನ್ನು ಹಗ್ಗಗಳಿಂದ ಎಳೆದು ಕಟ್ಟಿದ್ದಾರೆ. ಬಲೆಯ ಕಣ್ಣು ಒಂದರಿಂದ ಎರಡು ಸೆಂಟಿಮೀಟರ್. 21 ಸೆಂಟಿಮೀಟರ್ ಅಲೆಗೆ ಅಷ್ಟು ಸಣ್ಣ ತೂತು ಇದ್ದೂ ಇಲ್ಲದ ಹಾಗೆ. ಅಲೆ ಪ್ರತಿಫಲಿಸುತ್ತದೆ, ಗಾಳಿ ದಾಟಿಹೋಗುತ್ತದೆ, ಉಕ್ಕಿನ ಖರ್ಚು ಉಳಿಯುತ್ತದೆ. 1000ದಿಂದ 1450 ಮೆಗಾಹರ್ಟ್ಸ್‌ವರೆಗಿನ ಅಲೆಗಳನ್ನು, ಅಂದರೆ ಹತ್ತಿರದ ಗೆಲಾಕ್ಸಿಗಳ ಜಲಜನಕವನ್ನು, ಡಿಶ್‌ನ ನಾಭಿಯಲ್ಲಿ ಕೂತು ಹಿಡಿಯುವ ಆಂಟೆನಾಗಳನ್ನು ತಯಾರಿಸಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ. 2001ರ ಅಕ್ಟೋಬರ್‌ನಲ್ಲಿ ಈ ದೂರದರ್ಶಕವನ್ನು ಜಗತ್ತಿನ ವಿಜ್ಞಾನಿಗಳಿಗೆ ಅರ್ಪಿಸಲಾಯಿತು. ಇದನ್ನು ಕಟ್ಟುವುದಕ್ಕೆ ಸ್ವರೂಪ್ ಕೊಟ್ಟ ದೊಡ್ಡ ಕಾರಣಗಳಲ್ಲಿ ಒಂದು, ಬಹಳ ದೂರದ ಜಲಜನಕವನ್ನು ಹುಡುಕುವುದು.

30 ಡಿಶ್ ಎಂದರೆ 435 ಜೋಡಿ. ಪ್ರತಿ ಜೋಡಿಯೂ ಒಂದು ಅಂತರ, ಒಂದು ದಿಕ್ಕು. ಹತ್ತಿರದ ಜೋಡಿಗೆ ಗೆಲಾಕ್ಸಿಯ ಒಟ್ಟು ಹರಹು ತಿಳಿಯುತ್ತದೆ, ದೂರದ ಜೋಡಿಗೆ ಸೂಕ್ಷ್ಮ ವಿವರ ತಿಳಿಯುತ್ತದೆ. ಭೂಮಿ ತಿರುಗುತ್ತ ಹೋದ ಹಾಗೆ ಆಕಾಶದಿಂದ ನೋಡಿದರೆ ಪ್ರತಿ ಜೋಡಿಯ ದಿಕ್ಕೂ ತಿರುಗುತ್ತದೆ. ಎಂಟು-ಹತ್ತು ಗಂಟೆ ಒಂದೇ ಗೆಲಾಕ್ಸಿಯನ್ನು ಹಿಂಬಾಲಿಸಿದರೆ 435 ಜೋಡಿಗಳಿಂದ ಸಾವಿರಾರು ಅಳತೆ ಸಿಗುತ್ತವೆ. ಕಂಪ್ಯೂಟರು ಅವನ್ನೆಲ್ಲ ಸೇರಿಸಿ ಚಿತ್ರ ಬಿಡಿಸುತ್ತದೆ. ಚಿತ್ರ ಒಂದಲ್ಲ, ನೂರಾರು: ಒಂದೊಂದು ಆವೃತ್ತಿಗೆ ಒಂದೊಂದು.

ಆ ಆವೃತ್ತಿಗಳಲ್ಲೇ ಇರುವುದು ಸಾರವೆಲ್ಲ. ಅನಿಲ ನಮ್ಮಿಂದ ದೂರ ಸರಿಯುತ್ತಿದ್ದರೆ ಅಲೆ ಹಿಗ್ಗಿ ಆವೃತ್ತಿ ಇಳಿಯುತ್ತದೆ, ಹತ್ತಿರ ಬರುತ್ತಿದ್ದರೆ ಏರುತ್ತದೆ. ಸೆಕೆಂಡಿಗೆ 1 ಕಿಲೋಮೀಟರ್ ವೇಗಕ್ಕೆ 4.74 ಕಿಲೋಹರ್ಟ್ಸ್ ವ್ಯತ್ಯಾಸ. ಒಂದು ಗೆಲಾಕ್ಸಿ ಗಿರಗಿರನೆ ಸುತ್ತುತ್ತಿದ್ದರೆ ಅದರ ಒಂದು ಮಗ್ಗುಲು ನಮ್ಮತ್ತ ಬರುತ್ತದೆ, ಇನ್ನೊಂದು ಮಗ್ಗುಲು ಆಚೆ ಹೋಗುತ್ತದೆ. 1420ರ ಒಂದು ಚೂಪು ಗೆರೆ ಆಗ ಅಗಲವಾಗಿ, ಎರಡು ಕೊಂಬಿನ ಗುಡ್ಡದ ಹಾಗೆ ಕಾಣುತ್ತದೆ. ಕೊಂಬುಗಳ ನಡುವಿನ ಅಗಲ ಸುತ್ತುವ ವೇಗವನ್ನು ಹೇಳುತ್ತದೆ; ಗುಡ್ಡದ ನಟ್ಟನಡು ಇಡೀ ಗೆಲಾಕ್ಸಿ ನಮ್ಮಿಂದ ಸರಿಯುವ ವೇಗವನ್ನು ಹೇಳುತ್ತದೆ; ಗುಡ್ಡದ ಒಟ್ಟು ವಿಸ್ತೀರ್ಣ, ದೂರ ಗೊತ್ತಿದ್ದರೆ, ಜಲಜನಕದ ತೂಕವನ್ನು ಹೇಳುತ್ತದೆ. ಒಂದೇ ಗೆರೆಯಿಂದ ಮೂರು ಸುದ್ದಿ.

ಸುತ್ತುವ ವೇಗ ಸಿಕ್ಕಿತೆಂದರೆ ಒಳಗಿನ ದ್ರವ್ಯ ಎಷ್ಟೆಂದು ಹೇಳಬಹುದು: ವೇಗದ ವರ್ಗವನ್ನು ಕೇಂದ್ರದಿಂದ ಇರುವ ದೂರದಿಂದ ಗುಣಿಸಿ, ಗುರುತ್ವ ಸ್ಥಿರಾಂಕದಿಂದ ಭಾಗಿಸಿದರೆ ಆಯಿತು. ತಟಸ್ಥ ಜಲಜನಕ ನಕ್ಷತ್ರಗಳ ಅಂಚು ದಾಟಿ ಬಹುದೂರ ಚಾಚಿಕೊಂಡಿರುವುದರಿಂದ ಈ ಲೆಕ್ಕವನ್ನು ಕತ್ತಲ ಹೊರವಲಯದವರೆಗೂ ಒಯ್ಯಬಹುದು. ಅಲ್ಲಿ ನಕ್ಷತ್ರ ಇಲ್ಲ, ಹಾಗಾಗಿ ವೇಗ ಇಳಿಯಬೇಕು. ಇಳಿಯುವುದಿಲ್ಲ. ಹಾಲೆಂಡಿನ ವೆಸ್ಟರ್‌ಬೋರ್ಕ್ ದೂರದರ್ಶಕದಿಂದ ಆಲ್ಬರ್ಟ್ ಬೋಸ್ಮಾ 1978ರಲ್ಲಿ ಇದನ್ನು ಗೆಲಾಕ್ಸಿಯ ಮೇಲೆ ಗೆಲಾಕ್ಸಿಯಲ್ಲಿ ತೋರಿಸಿದ. ಕಾಣದ ದ್ರವ್ಯ, ಡಾರ್ಕ್ ಮ್ಯಾಟರ್, ಇದೆ ಎಂಬ ವಾದಕ್ಕೆ ಗಟ್ಟಿ ಆಧಾರ ಸಿಕ್ಕಿದ್ದು ಹೀಗೆ. ಜಿಎಂಆರ್‌ಟಿಯಲ್ಲಿ ಅಯೇಷಾ ಬೇಗಂ ಮತ್ತು ಜಯರಾಮ್ ಚೆಂಗಳೂರ್ ಸಣ್ಣ ಮಂಕು ಗೆಲಾಕ್ಸಿಗಳನ್ನು ಹುಡುಕಿ ಹುಡುಕಿ ಅಳೆದರು. ಎನ್‌ಜಿಸಿ 3741 ಎಂಬ ಕುಬ್ಜ ಗೆಲಾಕ್ಸಿಯ ಅನಿಲ ಅದರ ಬೆಳಕಿನ ಅಂಚಿಗಿಂತ 8 ಪಟ್ಟು ಆಚೆಗೂ ಹಬ್ಬಿದೆ ಎಂದು 2005ರಲ್ಲಿ ಕಂಡುಬಂತು. ಕಣ್ಣಿಗೆ ಕಂಡದ್ದೇ ಗೆಲಾಕ್ಸಿ ಎಂದು ನಂಬುವುದು ಎಷ್ಟು ತಪ್ಪೆಂದು ಅದರ ನಕ್ಷೆ ನೋಡಿದರೆ ತಿಳಿಯುತ್ತದೆ.

ಇನ್ನು ದೂರದ ಜಲಜನಕ. ವಿಶ್ವ ಹಿಗ್ಗುತ್ತಿರುವುದರಿಂದ ಹಳೆಯ ಅಲೆ ನಮ್ಮನ್ನು ಮುಟ್ಟುವಾಗ ಉದ್ದವಾಗಿರುತ್ತದೆ. ಸುಮಾರು 800 ಕೋಟಿ ವರ್ಷ ಹಿಂದೆ ಹೊರಟ 21 ಸೆಂಟಿಮೀಟರ್ ಅಲೆ ಈಗ 42 ಸೆಂಟಿಮೀಟರ್ ಆಗಿ, 710 ಮೆಗಾಹರ್ಟ್ಸ್‌ನಲ್ಲಿ ಸಿಗುತ್ತದೆ. ಸಿಗುತ್ತದೆ ಎಂದು ಬರೆಯುವುದು ಸುಲಭ. ಅಷ್ಟು ದೂರದ ಒಂದು ಗೆಲಾಕ್ಸಿಯ ಸಂಕೇತ ಯಂತ್ರದ ಸ್ವಂತ ಗದ್ದಲದೊಳಗೆ ಪೂರ್ತಿ ಮುಳುಗಿಹೋಗಿರುತ್ತದೆ. ಗದ್ದಲವನ್ನು ಅರ್ಧಕ್ಕೆ ಇಳಿಸಬೇಕೆಂದರೆ ನಾಲ್ಕು ಪಟ್ಟು ಹೊತ್ತು ನೋಡಬೇಕು, ಹತ್ತನೇ ಒಂದಕ್ಕೆ ಇಳಿಸಬೇಕೆಂದರೆ ನೂರು ಪಟ್ಟು. ಜೀವಮಾನ ಸಾಲದು.

ಇದಕ್ಕೊಂದು ಉಪಾಯವಿದೆ. ಸಂಜೆ ಆರರ ದಾದರ್ ಸೇತುವೆಯ ಮೇಲೆ ಒಬ್ಬ ಪಿಸುಗುಟ್ಟಿದರೆ ಕೇಳಿಸದು. ಆದರೆ ಸಾವಿರಾರು ಜನ ಬೇರೆ ಬೇರೆ ಹೊತ್ತಿಗೆ ಒಂದೇ ಮಾತನ್ನು ಪಿಸುಗುಟ್ಟುತ್ತಾರೆ, ಯಾರು ಯಾವ ಕ್ಷಣಕ್ಕೆ ಬಾಯಿ ತೆರೆದರೆಂದು ನಮಗೆ ಮೊದಲೇ ಗೊತ್ತಿದೆ ಎಂದಿಟ್ಟುಕೊಳ್ಳಿ. ಪ್ರತಿಯೊಬ್ಬರ ಧ್ವನಿಮುದ್ರಣವನ್ನೂ ಆ ಕ್ಷಣಕ್ಕೆ ಸರಿಹೊಂದಿಸಿ ಒಂದರ ಮೇಲೊಂದು ಪೇರಿಸಿದರೆ ಸೇತುವೆಯ ಗಲಾಟೆ ಒಂದನ್ನೊಂದು ಅಳಿಸಿಕೊಳ್ಳುತ್ತದೆ, ಪಿಸುಮಾತು ಮಾತ್ರ ಗಟ್ಟಿಯಾಗುತ್ತ ಬರುತ್ತದೆ. ‘ಯಾವ ಕ್ಷಣಕ್ಕೆ’ ಎಂಬುದು ಇಲ್ಲಿ ಬಹಳ ಮುಖ್ಯ. ಗೆಲಾಕ್ಸಿಗಳ ವಿಷಯದಲ್ಲಿ ಅದು ಕೆಂಪು ಪಲ್ಲಟ, ಅಂದರೆ ವಿಶ್ವ ಹಿಗ್ಗಿದ್ದರಿಂದ ಅಲೆ ಎಷ್ಟು ಉದ್ದವಾಗಿದೆ ಎಂಬ ಅಳತೆ. ಅದನ್ನು ಬೆಳಕಿನ ದೂರದರ್ಶಕಗಳು ಮೊದಲೇ ಅಳೆದು ಪಟ್ಟಿ ಮಾಡಿಟ್ಟಿರಬೇಕು.

ಪುಣೆಯ ರಾಷ್ಟ್ರೀಯ ರೇಡಿಯೊ ಖಭೌತ ಕೇಂದ್ರದ, ಅಂದರೆ ಟಿಐಎಫ್‌ಆರ್‌ನದೇ ಅಂಗವಾದ ಎನ್‌ಸಿಆರ್‌ಎಯ ಆದಿತ್ಯ ಚೌಧುರಿ, ನಿಸ್ಸಿಮ್ ಕಾನೇಕರ್, ಜಯರಾಮ್ ಚೆಂಗಳೂರ್ ಹಾಗೂ ಬೆಂಗಳೂರಿನ ರಾಮನ್ ಸಂಸ್ಥೆಯ ಶಿವ ಸೇಠಿ, ಕೆ.ಎಸ್. ದ್ವಾರಕಾನಾಥ್ ಇದನ್ನೇ ಮಾಡಿದರು. ಮೇಲ್ದರ್ಜೆಗೇರಿಸಿದ ಜಿಎಂಆರ್‌ಟಿ ಒಮ್ಮೆಗೇ 400 ಮೆಗಾಹರ್ಟ್ಸ್ ಅಗಲದ ಪಟ್ಟೆಯನ್ನು ಹಿಡಿಯಬಲ್ಲದು. ಹಾಗಾಗಿ ಬೇರೆ ಬೇರೆ ದೂರದ ಗೆಲಾಕ್ಸಿಗಳು ಒಂದೇ ಬಲೆಗೆ ಬೀಳುತ್ತವೆ. 7,653 ಗೆಲಾಕ್ಸಿಗಳ ಸಂಕೇತಗಳನ್ನು ಪೇರಿಸಿದರು. 7,653ರ ವರ್ಗಮೂಲ 87. ಗದ್ದಲ ಅಷ್ಟು ಪಾಲು ಇಳಿಯಿತು. ಆಗ ಗೆರೆ ಎದ್ದಿತು. ಸರಾಸರಿ ಒಂದು ಗೆಲಾಕ್ಸಿಯಲ್ಲಿ ಸುಮಾರು 1,200 ಕೋಟಿ ಸೂರ್ಯರಷ್ಟು ತೂಕದ ತಟಸ್ಥ ಜಲಜನಕ. 2020ರ ಅಕ್ಟೋಬರ್‌ನಲ್ಲಿ ‘ನೇಚರ್’ ಪತ್ರಿಕೆ ಇದನ್ನು ಪ್ರಕಟಿಸಿತು.

ಈ ಅಂಕಿಗೆ ಬೆಲೆ ಬರುವುದು ಅದನ್ನು ಖರ್ಚಿನ ಪಕ್ಕ ಇಟ್ಟಾಗ. ಆ ಗೆಲಾಕ್ಸಿಗಳು ನಕ್ಷತ್ರ ಹುಟ್ಟಿಸುತ್ತಿದ್ದ ವೇಗದಲ್ಲಿ ಈ ದಾಸ್ತಾನು 100ರಿಂದ 200 ಕೋಟಿ ವರ್ಷದೊಳಗೆ ಬರಿದಾಗುತ್ತಿತ್ತು. ವಿಶ್ವದಲ್ಲಿ ನಕ್ಷತ್ರಗಳ ಹುಟ್ಟು ಒಂದು ಕಾಲಕ್ಕೆ ಉತ್ತುಂಗದಲ್ಲಿದ್ದು ಆಮೇಲೆ ಯಾಕೆ ಕುಸಿಯಿತು ಎಂಬ ಹಳೆಯ ಪ್ರಶ್ನೆಗೆ ಇದರಲ್ಲಿ ಉತ್ತರವಿದೆ: ಹೊರಗಿನಿಂದ ಹೊಸ ಅನಿಲ ಸಾಕಷ್ಟು ಬರಲಿಲ್ಲ, ಇದ್ದದ್ದು ಖಾಲಿಯಾಯಿತು.

2023ರಲ್ಲಿ ಇನ್ನೊಂದು ಸುದ್ದಿ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಅರ್ನಬ್ ಚಕ್ರವರ್ತಿ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರುಪಮ್ ರಾಯ್, ಪೇರಿಸುವ ಗೋಜಿಲ್ಲದೆ ಒಂದೇ ಗೆಲಾಕ್ಸಿಯ ಸಂಕೇತವನ್ನು ಜಿಎಂಆರ್‌ಟಿಯಲ್ಲಿ ಹಿಡಿದಿರುವುದಾಗಿ ಪ್ರಕಟಿಸಿದರು. ನಡುವೆ ಬಂದ ಇನ್ನೊಂದು ಗೆಲಾಕ್ಸಿಯ ಗುರುತ್ವ ಮಸೂರವಾಗಿ ಅದನ್ನು ಸುಮಾರು 30 ಪಟ್ಟು ಹೆಚ್ಚಿಸಿತ್ತು. ಅಲೆ ಹೊರಟು 880 ಕೋಟಿ ವರ್ಷವಾಗಿತ್ತು. 48 ಸೆಂಟಿಮೀಟರಿಗೆ ಹಿಗ್ಗಿ, 620 ಮೆಗಾಹರ್ಟ್ಸ್‌ಗೆ ಇಳಿದಿತ್ತು. ಕಲ್ಯಾಣದ ಡಿಶ್‌ಗಳು ಸೂರ್ಯನನ್ನು ನೋಡುತ್ತಿದ್ದದ್ದು 610ರಲ್ಲಿ. ಆ ಆರಡಿ ಡಿಶ್‌ಗಳಿಗೆ ಇದನ್ನು ಹಿಡಿಯುವ ಶಕ್ತಿ ಇರಲಿಲ್ಲ ಎಂಬುದು ಬೇರೆ ಮಾತು, ಆವೃತ್ತಿ ಮಾತ್ರ ಹೆಚ್ಚುಕಡಿಮೆ ಅದೇ.

ಇನ್ನು ಟೆರೇಸಿನ ಕೆಲಸ. ದೂರದ ಗೆಲಾಕ್ಸಿಗಳು ನಮಗೆ ಸಿಗುವುದಿಲ್ಲ, ನಮ್ಮದೇ ಆಕಾಶಗಂಗೆ ಧಾರಾಳವಾಗಿ ಸಿಗುತ್ತದೆ. ಬೇಕಾದದ್ದು ನಾಲ್ಕು: ಕೊಂಬು ಆಂಟೆನಾ, ಸದ್ದು ಕಡಿಮೆಯ ಆಂಪ್ಲಿಫೈಯರ್, 1420ರ ಸುತ್ತ ಮಾತ್ರ ಬಿಡುವ ಫಿಲ್ಟರ್, ಕಂಪ್ಯೂಟರಿನ ಯುಎಸ್‌ಬಿಗೆ ಚುಚ್ಚುವ ಸಾಫ್ಟ್‌ವೇರ್ ರೇಡಿಯೊ ಡಾಂಗಲ್. ಆಂಪ್ಲಿಫೈಯರ್ ಮತ್ತು ಫಿಲ್ಟರ್ ಒಂದೇ ಡಬ್ಬಿಯಲ್ಲಿ ಕೂತು ಬರುವುದೂ ಉಂಟು. ಕೇಬಲ್, ಕನೆಕ್ಟರ್‌ಗಳಿಗೆ ಗ್ರ್ಯಾಂಟ್ ರೋಡಿನ ಲ್ಯಾಮಿಂಗ್ಟನ್ ರಸ್ತೆ ಇದ್ದೇ ಇದೆ. ಉಳಿದದ್ದನ್ನು ಆನ್‌ಲೈನ್ ತರಿಸಬೇಕಾದೀತು.

ಕೊಂಬಿನ ಬುಡಕ್ಕೆ ಪೇಂಟ್ ಅಂಗಡಿಯ ಚೌಕಾಕಾರದ ತಗಡಿನ ಥಿನ್ನರ್ ಡಬ್ಬಿ ಸಾಕು. ನಿಯಮ ಒಂದೇ: ಡಬ್ಬಿಯ ಅಗಲ ಅರ್ಧ ಅಲೆಗಿಂತ, ಅಂದರೆ 10.5 ಸೆಂಟಿಮೀಟರಿಗಿಂತ, ಹೆಚ್ಚಿರಬೇಕು. ಪೂರ್ತಿ ಅಲೆಗಿಂತ, 21 ಸೆಂಟಿಮೀಟರಿಗಿಂತ, ಕಡಿಮೆ ಇರಬೇಕು. ಮನೆಯ 15 ಕಿಲೋ ಎಣ್ಣೆ ಡಬ್ಬ ಅದಕ್ಕೇ ಬೇಡ, ಅದು ಅಗಲ ಹೆಚ್ಚು. 16.5 ಸೆಂಟಿಮೀಟರ್ ಅಗಲದ ಡಬ್ಬಿಯಾದರೆ ಮುಚ್ಚಿದ ತಳದಿಂದ 7 ಸೆಂಟಿಮೀಟರ್ ದೂರದಲ್ಲಿ, ಅಗಲದ ಮಗ್ಗುಲಿನ ನಡುವೆ ತೂತು ಕೊರೆದು, 5 ಸೆಂಟಿಮೀಟರ್ ಚಿಲ್ಲರೆ ಉದ್ದದ ತಾಮ್ರದ ತಂತಿಯನ್ನು ಒಳಚಾಚಿ ಕೂರಿಸಿ. ಅದು ಕಾಲು ಅಲೆ. ಅಲೆ ವಿದ್ಯುತ್ತಾಗುವುದು ಅಲ್ಲೇ. ಡಬ್ಬಿಯ ತೆರೆದ ಬಾಯಿಗೆ ಥರ್ಮೋಕೋಲ್ ಅಥವಾ ದಪ್ಪ ರಟ್ಟಿನ ನಾಲ್ಕು ಹಲಗೆಗಳನ್ನು ಅರಳಿದ ಹಾಗೆ ಜೋಡಿಸಿ, ಒಳಮೈಗೆಲ್ಲ ಅಲ್ಯುಮಿನಿಯಂ ಹಾಳೆ ಅಂಟಿಸಿ. ಬಾಯಿ ಮುಕ್ಕಾಲು ಮೀಟರ್ ಅಗಲವಾದರೆ ಆಕಾಶದಲ್ಲಿ ಸುಮಾರು 20 ಡಿಗ್ರಿ ತುಂಡು ಕಾಣುತ್ತದೆ. ಹಾಳೆಯ ಕೂಡುಗಳು, ಡಬ್ಬಿ ಸೇರುವ ಜಾಗ, ಎಲ್ಲೂ ಸಂದು ಇರಕೂಡದು. ಆಂಪ್ಲಿಫೈಯರನ್ನು ತಂತಿಯ ಬುಡಕ್ಕೇ ಹಚ್ಚಿ. ಕೇಬಲ್ಲಿನ ಈಚೆ ತುದಿಗೆ ಹಚ್ಚಿದರೆ ಕೇಬಲ್ಲೇ ಸಂಕೇತವನ್ನು ನುಂಗಿಬಿಡುತ್ತದೆ.

1400ರಿಂದ 1427 ಮೆಗಾಹರ್ಟ್ಸ್ ಪಟ್ಟೆಯಲ್ಲಿ ಯಾರೂ ಪ್ರಸಾರ ಮಾಡಬಾರದೆಂದು ಅಂತಾರಾಷ್ಟ್ರೀಯ ನಿಯಮವಿದೆ. ಆದ್ದರಿಂದಲೇ ಮುಂಬಯಿಯ ನಡುವೆ ಕೂತೂ ಇದು ಸಾಧ್ಯ. ತೊಂದರೆ ಅಕ್ಕಪಕ್ಕದ್ದು. ಎದುರು ಕಟ್ಟಡದ ಮೊಬೈಲ್ ಟವರ್ ಬೇರೆ ಆವೃತ್ತಿಯದೇ ಆದರೂ ಅದರ ಜೋರಿಗೆ ಆಂಪ್ಲಿಫೈಯರ್ ತತ್ತರಿಸುತ್ತದೆ. ಫಿಲ್ಟರ್ ಬೇಕಾದದ್ದು ಇದಕ್ಕೆ. ಅಗ್ಗದ ಎಲ್‌ಇಡಿ ದೀಪ, ಇನ್ವರ್ಟರ್, ಲಿಫ್ಟಿನ ಮೋಟಾರ್ ಕೋಣೆ ಇವುಗಳಿಂದ ದೂರ ಇರಿ. ಗಣೇಶೋತ್ಸವದ ಹತ್ತು ದಿನ ಬೀದಿಯ ದೀಪಾಲಂಕಾರ ಮುಗಿಯುವವರೆಗೆ ಸುಮ್ಮನಿರುವುದೇ ಜಾಣತನ. ಮಳೆಗೆ ನೀಲಿ ತಾಡಪತ್ರಿ ಹೊದಿಸಿ, ಪ್ಲಾಸ್ಟಿಕ್ಕನ್ನು ಅಲೆ ಸಲೀಸಾಗಿ ದಾಟುತ್ತದೆ. ಮೇಲೆ ನೀರು ನಿಲ್ಲದಂತೆ ನೋಡಿಕೊಂಡರಾಯಿತು. ಗುಡುಗು-ಮಿಂಚಿದ್ದರೆ ಎಲ್ಲ ಕಳಚಿ ಕೆಳಗಿಳಿಯಿರಿ. ಸೊಸೈಟಿಯ ಸೆಕ್ರೆಟರಿಗೆ ಮೊದಲೇ ಹೇಳಿಡಿ, ಬೆಳ್ಳಿ ಹಾಳೆಯ ಈ ಆಕಾರ ನೋಡಿದವರಿಗೆ ಸಂಶಯ ಬರುವುದು ಸಹಜ.

ಆಂಟೆನಾ ತಿರುಗಿಸುವ ಮೋಟಾರು ಬೇಡ. ಕೊಂಬಿನ ಬಾಯಿಯನ್ನು ನೆತ್ತಿಯತ್ತ ಮಾಡಿ ಬಿಟ್ಟುಬಿಡಿ, ಭೂಮಿಯೇ ತಿರುಗುತ್ತದೆ. ಮುಂಬಯಿ 19 ಡಿಗ್ರಿ ಉತ್ತರದಲ್ಲಿರುವುದರಿಂದ ಒಂದು ಅನುಕೂಲ: ಆಕಾಶಗಂಗೆಯ ಪಟ್ಟಿ 24 ಗಂಟೆಯಲ್ಲಿ ಎರಡು ಸಲ ನಮ್ಮ ನೆತ್ತಿಯ ಮೇಲೆಯೇ ಹಾಯುತ್ತದೆ. ಸೆಪ್ಟೆಂಬರ್ ಮೊದಲ ವಾರದಲ್ಲಾದರೆ ರಾತ್ರಿ 9 ಗಂಟೆಯ ಸುಮಾರಿಗೆ ಒಂದು ತುಂಡು, ಬೆಳಿಗ್ಗೆ 8ರ ಹೊತ್ತಿಗೆ ಮಿಥುನ-ಮಹಾವ್ಯಾಧದ ಗಡಿಯ ಇನ್ನೊಂದು ತುಂಡು. ದಿನಕ್ಕೆ 4 ನಿಮಿಷ ಬೇಗ ಬರುತ್ತವೆ. ಮೊದಲನೆಯದು ಗೆಲಾಕ್ಸಿಯ ಒಳಗಡೆಗೆ ವಾಲಿದ ನೋಟ. ಅಲ್ಲಿ ಗೆರೆ ಅಗಲ, ಎರಡು ಮೂರು ಉಬ್ಬು. ಎರಡನೆಯದು ಕೇಂದ್ರಕ್ಕೆ ಬೆನ್ನು ಹಾಕಿದ ನೋಟ. ಅಲ್ಲಿ ಅನಿಲ ನಮಗೆ ಅಡ್ಡಲಾಗಿ ಚಲಿಸುವುದರಿಂದ ಗೆರೆ ಸಪೂರ.

ಡಾಂಗಲ್ ಒಮ್ಮೆಗೆ 2.4 ಮೆಗಾಹರ್ಟ್ಸ್ ಅಗಲ ನೋಡುತ್ತದೆ, ವೇಗದ ಲೆಕ್ಕದಲ್ಲಿ ಸೆಕೆಂಡಿಗೆ 500 ಕಿಲೋಮೀಟರ್; ಆಕಾಶಗಂಗೆಗೆ ಸಾಕು. ಉಚಿತವಾಗಿ ಸಿಗುವ ‘ಗ್ನೂ ರೇಡಿಯೊ’ ತಂತ್ರಾಂಶದಲ್ಲಿ ರೋಹಿತವನ್ನು ಕೆಲವು ನಿಮಿಷ ಸರಾಸರಿ ಮಾಡಿ. ಆಕಾಶಗಂಗೆ ನೆತ್ತಿಯ ಮೇಲೆ ಇಲ್ಲದ ಹೊತ್ತಿನಲ್ಲಿ ಅಷ್ಟೇ ನಿಮಿಷ ಇನ್ನೊಂದು ಸರಾಸರಿ ತೆಗೆದು, ಒಂದನ್ನು ಇನ್ನೊಂದರಿಂದ ಭಾಗಿಸಿ. ಯಂತ್ರದ ಸ್ವಂತ ಏರುತಗ್ಗು ಮಾಯವಾಗಿ ಜಲಜನಕ ಉಳಿಯುತ್ತದೆ. ಈ ಭಾಗಾಕಾರವನ್ನು ಬಿಟ್ಟರೆ ಏನೂ ಕಾಣುವುದಿಲ್ಲ, ಕೆಲಸದ ಜೀವ ಅಲ್ಲೇ ಇದೆ.

ಈಗ ತೂಕ. ರಾತ್ರಿಯ ತುಂಡಿನಲ್ಲಿ ಗೆರೆಯ ಕೆಳ ಅಂಚು 1420.216ರ ಬಳಿ ಇದೆ ಎನ್ನಿ. ಮೂಲಕ್ಕಿಂತ 190 ಕಿಲೋಹರ್ಟ್ಸ್ ಕಡಿಮೆ, 4.74ರಿಂದ ಭಾಗಿಸಿದರೆ ಸೆಕೆಂಡಿಗೆ 40 ಕಿಲೋಮೀಟರ್. ಸೂರ್ಯನ ಸುತ್ತ ಭೂಮಿಯ 30 ಕಿಲೋಮೀಟರ್ ಓಟ, ಸೂರ್ಯನ ಸ್ವಂತ ಅಲೆದಾಟ ಇವುಗಳ ತಿದ್ದುಪಡಿ ಆಗಿದೆ ಎಂದಿಟ್ಟುಕೊಳ್ಳೋಣ. ಆ ದಿಕ್ಕು ಗೆಲಾಕ್ಸಿಯ ಕೇಂದ್ರದಿಂದ 55 ಡಿಗ್ರಿ. ಸೂರ್ಯ ಕೇಂದ್ರವನ್ನು ಸೆಕೆಂಡಿಗೆ 220 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಾನೆಂದು ಹಿಡಿದರೆ, ಆ ದಿಕ್ಕಿನತ್ತ ಅವನ ವೇಗದ ಪಾಲು 220ನ್ನು 55ರ ಸೈನ್‌ನಿಂದ ಗುಣಿಸಿ 180. ಅದಕ್ಕೆ 40 ಕೂಡಿಸಿ 220. ಅಂದರೆ ಆ ದಿಕ್ಕಿನಲ್ಲಿ ಕೇಂದ್ರಕ್ಕೆ ಅತಿ ಹತ್ತಿರವಿರುವ, ಕೇಂದ್ರದಿಂದ 22 ಸಾವಿರ ಜ್ಯೋತಿರ್ವರ್ಷ ದೂರದ ಅನಿಲವೂ ಸೂರ್ಯನಷ್ಟೇ ವೇಗದಲ್ಲಿ ಸುತ್ತುತ್ತಿದೆ. ಮೇಲೆ ಹೇಳಿದ ಸೂತ್ರಕ್ಕೆ ಹಾಕಿದರೆ ಅದರೊಳಗಿನ ದ್ರವ್ಯ ಸುಮಾರು 7,500 ಕೋಟಿ ಸೂರ್ಯರಷ್ಟು. ರಟ್ಟು, ತಗಡು, ಡಾಂಗಲ್ ಇಟ್ಟುಕೊಂಡು ಗೆಲಾಕ್ಸಿಯ ಒಳಭಾಗವನ್ನು ತೂಗಿದ ಹಾಗಾಯಿತು. ಬಿ.ಎಸ್‌ಸಿ. ಭೌತಶಾಸ್ತ್ರದ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯದು ನನಗೆ ತೋಚುವುದಿಲ್ಲ. ವರ್ಷ ವರ್ಷವೂ ಅದೇ ಲೋಲಕ, ಅದೇ ಪ್ರಿಸಂ ಮಾಡಿಸುವ ಅಧ್ಯಾಪಕರು ದಯವಿಟ್ಟು ಒಮ್ಮೆ ಯೋಚಿಸಬೇಕು.

ಕಲಿಸಿಕೊಡುವವರು ಹತ್ತಿರದಲ್ಲೇ ಇದ್ದಾರೆ. ಪುಣೆಯಲ್ಲಿ ಎನ್‌ಸಿಆರ್‌ಎ ಮತ್ತು ಐಯೂಕಾ ಎಂಬ ಖಗೋಳ ಸಂಸ್ಥೆ ಸೇರಿ ನಡೆಸುವ ರೇಡಿಯೊ ಭೌತಶಾಸ್ತ್ರ ಪ್ರಯೋಗಾಲಯ ಕಾಲೇಜು ವಿದ್ಯಾರ್ಥಿಗಳಿಗೆ ಶಿಬಿರಗಳನ್ನು ಮಾಡುತ್ತದೆ. ಫೆಬ್ರುವರಿ 28ರ ರಾಷ್ಟ್ರೀಯ ವಿಜ್ಞಾನ ದಿನದ ಆಸುಪಾಸು ಖೋಡದ್‌ನ ಜಿಎಂಆರ್‌ಟಿ ಆವರಣ ಸಾರ್ವಜನಿಕರಿಗೆ ತೆರೆದಿರುತ್ತದೆ. ಆ ವರ್ಷದ ದಿನಾಂಕವನ್ನು ಮೊದಲೇ ವಿಚಾರಿಸಿ. ಮುಂಬಯಿಯಿಂದ ಹೋಗುವವರಿಗೆ ಕಲ್ಯಾಣ, ಮುರಬಾಡ, ಮಾಳಶೇಜ್ ಘಾಟ್, ಓತೂರು, ಆಳೆಫಾಟಾ, ನಾರಾಯಣಗಾಂವ್ ದಾರಿ ಚೆನ್ನ. ಡೊಂಬಿವಲಿ, ಕಲ್ಯಾಣದ ಕನ್ನಡ ಸಂಘಗಳವರು ಒಂದು ಬಸ್ಸು ಮಾಡಿಕೊಂಡು ಮಕ್ಕಳನ್ನು ಕರೆದೊಯ್ದರೆ ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರಬಹುದು. ಡಿಶ್‌ಗಳ ಹತ್ತಿರ ಹೋಗುವಾಗ ಎಲ್ಲರ ಮೊಬೈಲೂ ಪೂರ್ತಿ ಆಫ್ ಆಗಿರಲಿ, ಸೈಲೆಂಟ್ ಮಾಡಿದರೆ ಸಾಲದು.